ಆಲ್ ಕರೆಕ್ಟ್, ಸರ್

ಮೊನ್ನೆ ಥಾರ್ನ್‌ಹಿಲ್‌ನ ಹಳೆ ಸಾಮಾನಿನ ಅಂಗಡಿಯಲ್ಲಿ ಯಾರೋ ಹಿತ್ತಾಳೆ ದೀಪಕ್ಕೆ ಪಾಲಿಶ್ ಹಚ್ಚಿ ಉಜ್ಜುತ್ತಿದ್ದರು. ಆ ಕಟು ವಾಸನೆಗೆ ಮೆಡೋವೇಲ್‌ನ ನನ್ನ ಮನೆ ಮಾಲೀಕರು ನೆನಪಾದರು. 2015ರಲ್ಲಿ ಒಂಟಾರಿಯೊಗೆ ಓದಲು ಬಂದವನು ಅವರ ಬೇಸ್‌ಮೆಂಟಿನಲ್ಲಿದ್ದೆ. ಕಾರವಾರದ ಕಡೆಯವರು, ಭಾರತದ ನೌಕಾಪಡೆಯಲ್ಲಿ ನಾವಿಕರಾಗಿದ್ದವರು. ಪ್ರತಿ ಭಾನುವಾರ ಬ್ಲೇಜರಿನ ಹಿತ್ತಾಳೆ ಗುಂಡಿಗಳನ್ನು ಉಜ್ಜುತ್ತಿದ್ದರು. ಅಥವಾ ಶನಿವಾರವೋ... ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಮರುವರ್ಷ ಅವರ ಹೆಂಡತಿ ತೀರಿಕೊಂಡರು. ಚಿತಾಭಸ್ಮವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡ ಅವರು ಕೂತಲ್ಲಿ ಕೂರದಾದರು. ಒಂದೇ ಆಸೆ: ಅದನ್ನು ಕಾರವಾರದ ಸಮುದ್ರಕ್ಕೆ, ನೌಕಾಪಡೆಯ ಹಡಗಿನಿಂದಲೇ ಬಿಡಬೇಕು.

"ಅಷ್ಟು ವರ್ಷ ದಡದಲ್ಲೇ ನಿಂತು ಕಾದ್ಲು. ಒಂದ್ಸಲನೂ ಹಡಗು ಹತ್ತಿಸ್ಲಿಲ್ಲ ಮಾರಾಯಾ."

"ಇಲ್ಲೇ ಲೇಕ್ ಇದೆಯಲ್ಲ ಅಂಕಲ್?"

"ಕೆರೆ ಎಷ್ಟು ದೊಡ್ಡದಾದ್ರೂ ಕೆರೆನೇ. ಉಪ್ಪು ಬೇಡ್ವಾ? ಅದೆಂತ ಯೂನಿವರ್ಸಿಟಿಯೋ ನಿಂದು!"

ಯುದ್ಧವಿದ್ದರೆ ನಾವಿಕನ ಮಾತಿಗೆ ಬೆಲೆ, ಶಾಂತಿಕಾಲದಲ್ಲಿ ಹಡಗು ಹತ್ತಲು ಸಾಹೇಬರ ಒಂದು ಫೋನೇ ಬೇಕು ಎನ್ನುತ್ತಿದ್ದರು. ಅವರ ಹಳೆಯ ಕ್ಯಾಪ್ಟನ್ ನ್ಯೂಮಾರ್ಕೆಟ್‌ನಲ್ಲಿರುವ ಮಗಳ ಮನೆಗೆ ಬಂದಿದ್ದಾರೆಂದು ತಿಳಿದದ್ದೇ ತಡ, ನನ್ನ ಕಾರಿನಲ್ಲಿ ಹೊರಟೆವು. ಕೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಗುನುಗುತ್ತಲೇ ಬಂದರು.

ಅಲ್ಲಿ ಎಷ್ಟು ಹೇಳಿದರೂ ಕೂರಲಿಲ್ಲ. ಸೋಫಾದ ಪಕ್ಕ ಎದೆ ಸೆಟೆದು ನಿಂತರು.

"ಫ್ಯಾಮಿಲಿ ಹೇಗಿದೆಯಪ್ಪಾ?" ಎಂದರು ಕ್ಯಾಪ್ಟನ್.

"ಆಲ್ ಕರೆಕ್ಟ್, ಸರ್!"

ಕ್ಯಾಪ್ಟನ್ ತಲೆದೂಗಿ ಚಳಿಯ ಮಾತಿಗೆ ತಿರುಗಿದರು. ಇನ್ನು ಕೇಳುವುದಾದರೂ ಹೇಗೆ? ನಾನು ಬಾಯಿ ತೆರೆದೆ. ಇವರು ಕಣ್ಣಲ್ಲೇ ತಡೆದರು. ತಡೆದರೆಂದೇ ನೆನಪು...

ವಾಪಸು ಬರುವಾಗ, "ಹಡಗಲ್ಲಿ ರೌಂಡ್ಸಿಗೆ ಬಂದ ಸಾಹೇಬ್ರು ಕೇಳಿದ್ರೆ ಅದನ್ನೇ ಹೇಳುದು. ಬಾಯಿಗೆ ಬೇರೆ ಎಂತದೂ ಬರ್ಲಿಲ್ಲ," ಎಂದರು. ಮತ್ತೆ ಅಲ್ಲಿಗೆ ಹೋಗುವ ಮಾತೆತ್ತಲಿಲ್ಲ. ಸತ್ತಿಲ್ಲವೆಂದು ವರದಿ ಕೊಟ್ಟಮೇಲೆ ಸತ್ತವಳಿಗಾಗಿ ಬೇಡುವಂತಿರಲಿಲ್ಲ.

ಕಳೆದ ಚಳಿಗಾಲ ಅವರೂ ಹೋದರು. ಇಲ್ಲೇ ಬೆಳೆದ ಮಗ ಇಬ್ಬರ ಭಸ್ಮದ ಡಬ್ಬಿಗಳನ್ನೂ ಬಾಡಿಗೆ ದೋಣಿಯಲ್ಲಿ ಒಯ್ದು ಒಂಟಾರಿಯೊ ಸರೋವರಕ್ಕೆ ಬಿಟ್ಟನಂತೆ. "ಅಟ್‌ಲೀಸ್ಟ್ ದೇ ಆರ್ ಟುಗೆದರ್, ರೈಟ್?" ಎಂದು ಫೋನಿನಲ್ಲಿ ಕೇಳಿದ. ಸರಿಯಾಯಿತು ಎಂದೆ. ಉಪ್ಪಿನ ಮಾತು ಎತ್ತಲಿಲ್ಲ.

ಅಂಗಡಿಯಿಂದ ಏನೂ ಕೊಳ್ಳದೆ ಹೊರಬಂದೆ. ಕಾರಿನಲ್ಲಿ ಕೂತು ಬೆರಳು ಮೂಸಿದೆ. ಆ ದೀಪವನ್ನು ನಾನು ಮುಟ್ಟಿಯೇ ಇರಲಿಲ್ಲ... ವಾಸನೆ ಮಾತ್ರ ಇತ್ತು.