ಹಿಂದಿನ ಸೀಟಿನಲ್ಲಿ ಪಾದ ಹಿಡಿದವರು

ಇದನ್ನು ನಾನು ಈವರೆಗೆ ಹೇಳಿರುವುದು ಇಬ್ಬರಿಗೆ ಮಾತ್ರ. ಹೆಂಡತಿಯ ಫಿಸಿಯೊ ಡಾಕ್ಟರಿಗೆ ಅರ್ಧ ಹೇಳಿದೆ, ಅವರು ಫೈಲಿನಲ್ಲಿ ಏನೋ ಬರೆದುಕೊಂಡರು. ಧಾರವಾಡದಲ್ಲಿರುವ ಅಣ್ಣನಿಗೆ ಪೂರ್ತಿ ಹೇಳಿದೆ. ನಾನು ಕತೆ ಕಟ್ಟುವವನಲ್ಲ. ತೂಕದ ಯಂತ್ರ ರಿಪೇರಿ ಮಾಡುವವನು. ಪರದೆಯ ಮೇಲೆ ಬಂದ ಅಂಕಿಯನ್ನಷ್ಟೇ ನಂಬಿ ಇಪ್ಪತ್ತು ವರ್ಷ ಬದುಕಿದ್ದೇನೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಪುಣೆಯ ಯೆರವಡಾದಲ್ಲಿ ನಾವಿಬ್ಬರೇ ಇರುವುದು, ನಾನು ಮತ್ತು ನನ್ನ ಹೆಂಡತಿ ಸುನಂದಾ. ಎರಡು ವರ್ಷದ ಹಿಂದೆ ನಮ್ಮ ಸ್ಕೂಟರ್ ಜಾರಿತು. ನನ್ನ ಮೊಣಕೈಗೆ ನಾಲ್ಕು ಹೊಲಿಗೆ ಬಿತ್ತು. ಸುನಂದಾಳಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲದಂತಾಯಿತು. ಪಾದಕ್ಕೆ ಕೆಂಡ ತಾಗಿದರೂ ಅವಳಿಗೆ ಗೊತ್ತಾಗದು. ಸ್ಕೂಟರ್ ಓಡಿಸುತ್ತಿದ್ದವನು ನಾನೇ.

ವಾರಕ್ಕೆ ಮೂರು ದಿನ ಫಿಸಿಯೊಗೆ ಹೋಗಬೇಕಿತ್ತು. ಟ್ಯಾಕ್ಸಿಯವರು ಬರುತ್ತಿದ್ದರು, ಗಾಲಿಕುರ್ಚಿ ನೋಡುತ್ತಿದ್ದರು, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆ, ಜಾಗವಿಲ್ಲ ಎಂದು ಹೊರಟುಬಿಡುತ್ತಿದ್ದರು. ಬೀದಿಯಲ್ಲಿ ಅವಳನ್ನು ಬಿಸಿಲಿಗೆ ಕೂರಿಸಿಕೊಂಡು ನಿಂತು ಎಷ್ಟೋ ದಿನ ವಾಪಸ್ ಬಂದಿದ್ದೇವೆ.

"ಈ ಕೆಲವು ತಿಂಗಳು ಬಹಳ ಮುಖ್ಯ," ಎಂದು ಡಾಕ್ಟರು ಬೇರೆ ಹೇಳಿಬಿಟ್ಟಿದ್ದರು. "ಈಗ ಏನೂ ಆಗದಿದ್ದರೆ… ಆಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ."

ನನಗೆ ಒಂದು ಗಾಡಿ ಬೇಕೇ ಬೇಕಿತ್ತು. ಮುಂದೆ ನಾನು. ಹಿಂದಿನ ಸೀಟಿನ ಉದ್ದಕ್ಕೆ ಕಾಲು ಚಾಚಿಕೊಂಡು ಸುನಂದಾ, ಏಕೆಂದರೆ ಕಾಲು ಬಹಳ ಹೊತ್ತು ಮಡಚಿದರೆ ಸೆಟೆದುಕೊಳ್ಳುತ್ತಿದ್ದವು. ಅದರ ಹಿಂದಿನ ತೆರೆದ ತೊಟ್ಟಿಯಲ್ಲಿ ಗಾಲಿಕುರ್ಚಿ ಮತ್ತು ನನ್ನ ಕೆಲಸದ ಕಬ್ಬಿಣದ ತೂಕಗಳು. ಇದೆಲ್ಲ ಹಿಡಿಸುವುದು ನಾಲ್ಕು ಬಾಗಿಲಿನ ಪಿಕಪ್ ಒಂದೇ. ಹೊಸದು ನಮ್ಮ ಕೈಗೆಟುಕುವಂಥದ್ದಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ತಳೇಗಾಂವದಲ್ಲಿ ಒಂದು ಸಿಕ್ಕಿತು.

ಮಾಲೀಕರಿಗೆ ಅರವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ. ಚೌಕಾಸಿಯನ್ನೇ ಮಾಡಲಿಲ್ಲ, ನಾನು ಕೇಳಿದ ಬೆಲೆಗೆ ತಲೆಯಾಡಿಸಿದರು. ಹಿಂದಿನ ಸೀಟಿಗೆ ಕಂಪನಿಯ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೆಯೇ ಇತ್ತು.

"ಹಿಂದೆ ಯಾರೂ ಕೂತೇ ಇಲ್ಲ," ಎಂದರು ಮರಾಠಿಯಲ್ಲಿ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬಾಗಿಲು ತೆರೆದಾಗ ಒದ್ದೆ ಕಂಬಳಿಯ ವಾಸನೆ ಬಂತು. ಮೇ ತಿಂಗಳು, ಮಳೆಯ ಸುಳಿವಿಲ್ಲ. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಜೊತೆಗೆ ಕರೆತಂದಿದ್ದ ಸುನಂದಾಳನ್ನು ಎತ್ತಿ ಹಿಂದೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಕಾಲು ಚಾಚಿಸಿ, ಬೆಲ್ಟು ಬಿಗಿದೆ. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದಳು.

ದೇಹೂ ರೋಡ್ ದಾಟುವಷ್ಟರಲ್ಲಿ ಕತ್ತಲಾಯಿತು. ರಸ್ತೆಯ ಆ ತುಂಡಿನಲ್ಲಿ ದೀಪ ಕಡಿಮೆ. ಹಿಂದಿನಿಂದ ಪ್ಲಾಸ್ಟಿಕ್ ಸದ್ದು ಕೇಳಿಸಿತು. ಚರ್… ಚರ್… ಯಾರೋ ಸರಿದು ಕೂತಂತೆ.

"ಏನ್ರಿ… ಗಾಡಿ ಸ್ವಲ್ಪ ಬಾಜೂಕ ಹಚ್ರಿ."

"ಯಾಕ? ಏನಾತು?"

"ಯಾರೋ ನನ್ನ ಪಾದ ಹಿಡಕೊಂಡಾರ್ರಿ."

ಗಾಡಿ ನಿಲ್ಲಿಸಿ ಒಳಗಿನ ದೀಪ ಹಾಕಿದೆ. ಅವಳ ಎರಡೂ ಪಾದ ಸೀಟಿನ ಆ ತುದಿಯಲ್ಲಿದ್ದವು. ಆದರೆ ಸೀಟಿಗೆ ತಾಗಿರಲಿಲ್ಲ. ನಾಲ್ಕು ಬೆರಳಿನಷ್ಟು ಮೇಲೆ… ಯಾರದೋ ತೊಡೆಯ ಮೇಲೆ ಇಟ್ಟಂತೆ ಇದ್ದವು. ಕೆಳಗೆ ಪ್ಲಾಸ್ಟಿಕ್ ಕುಸಿದು ತಗ್ಗಾಗಿತ್ತು. ನಾನು ನೋಡುತ್ತಿದ್ದಂತೆ ಪಾದಗಳು ಮೆಲ್ಲಗೆ ಕೆಳಗಿಳಿದವು. ತಗ್ಗು ಸದ್ದು ಮಾಡುತ್ತಾ ತುಂಬಿಕೊಂಡಿತು.

ಸುನಂದಾ ಅಳುತ್ತಿದ್ದಳು. ಹೆದರಿಕೆಯಿಂದಲ್ಲ.

"ಬೆಚ್ಚಗ ಅದಾವ್ರಿ ಕೈ. ನನಗ ತಿಳೀತದ. ಎರಡು ವರ್ಷ ಆತು… ನನಗ ತಿಳೀತದ!"

ನಾನು ಅವಳ ಪಾದ ಒತ್ತಿದೆ. "ನಾ ಮುಟ್ಟಿದ್ದು ತಿಳೀತೇನು?"

ಅವಳು ತಡೆದು ಹೇಳಿದಳು, "ಇಲ್ರಿ. ನಿಮ್ಮ ಕೈ ತಿಳೀವಲ್ದು. ಆ ಕೈ ಅಷ್ಟ ತಿಳೀತದ."

ಅಂದಿನಿಂದ ಅದು ದಿನದ ಮಾತಾಯಿತು. ಆ ಗಾಡಿಯಲ್ಲಿ ಮಾತ್ರ, ಕತ್ತಲಾದ ಮೇಲೆ ಮಾತ್ರ. ದೀಪ ಹಚ್ಚುವ ಹೊತ್ತಾಗುತ್ತಿದ್ದಂತೆ ಸುನಂದಾ ಚಡಪಡಿಸುತ್ತಿದ್ದಳು.

"ಗಾಡ್ಯಾಗ ಕೂಡಸ್ರಿ ನನ್ನ. ಅರ್ಧಾ ತಾಸು ಸಾಕು."

ಬೇಡ ಎಂದು ಹೇಳಲು ನನ್ನಿಂದ ಆಗಲಿಲ್ಲ. ಅವಳ ಕಾಲು ಕಸಿದವನು ನಾನು. ಕಟ್ಟಡದ ಕೆಳಗೆ ನಿಂತಿದ್ದ ಗಾಡಿಯಲ್ಲಿ ಅವಳನ್ನು ಕೂರಿಸಿ ಹೊರಗೆ ಕಾಯುತ್ತಿದ್ದೆ. ಒಂದು ಸಂಜೆ ಒಳಗಿನಿಂದ ಅವಳ ಪಿಸುಮಾತು ಕೇಳಿಸಿತು. ಯಾರಿಗೋ ಉತ್ತರ ಕೊಡುತ್ತಿದ್ದಂತೆ ನಡುನಡುವೆ ನಿಲ್ಲುತ್ತಿದ್ದಳು… ಕಿಟಕಿಗೆ ಕಿವಿ ಇಟ್ಟೆ. "ಹೂಂ… ಹೂಂ… ಅವ್ರು ಏನೂ ಅನ್ನೂದಿಲ್ಲ," ಎನ್ನುತ್ತಿದ್ದಳು.

ಮರುದಿನ ಹಳೆಯ ಮಾಲೀಕರಿಗೆ ಫೋನ್ ಮಾಡಿದೆ. ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಎಂದಷ್ಟೇ ಕೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಪತ್ನಿ ಹೆದರುತ್ತಾರಾ?"

"ಇಲ್ಲ. ಖುಷಿಯಾಗಿದ್ದಾಳೆ."

ಅವರು ಬಹಳ ಮೆಲ್ಲಗೆ, "ನನ್ನವಳೂ ಹೆದರುತ್ತಿರಲಿಲ್ಲ," ಎಂದರು.

ಫೋನ್ ಕಟ್ಟಾಯಿತು. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ತಳೇಗಾಂವದ ಆ ಮನೆಗೇ ಹೋದೆ. ಬೀಗ ಬಿದ್ದಿತ್ತು. ಅವರ ಹೆಂಡತಿಗೆ ಏನಾಯಿತೆಂದು ಹೇಳುವವರು ಅಲ್ಲಿ ಯಾರೂ ಸಿಗಲಿಲ್ಲ.

ಆ ವಾರ ಸುನಂದಾ ರಾಂಜಣಗಾಂವದ ಗಣಪತಿ ದರ್ಶನಕ್ಕೆ ಕರೆದುಕೊಂಡು ಹೋಗಿ ಎಂದಳು. ನನಗೂ ದೇವರ ಕಾಲು ಹಿಡಿಯುವುದು ಬಿಟ್ಟರೆ ಬೇರೆ ದಾರಿ ಕಾಣುತ್ತಿರಲಿಲ್ಲ. ದರ್ಶನ ಮುಗಿಸಿ ಹೊರಟಾಗ ಕತ್ತಲು ಕವಿಯುತ್ತಿತ್ತು. ಅಲ್ಲಿ ನಾನು ಆಗಾಗ ರಿಪೇರಿ ಮಾಡುವ ಒಂದು ಕಾಟಾ ಇದೆ, ಲಾರಿಯನ್ನೇ ನಿಲ್ಲಿಸಿ ತೂಗುವಂಥದ್ದು. ಹಿಂದಿನಿಂದ ಪ್ಲಾಸ್ಟಿಕ್ ಚರ್ ಎಂದದ್ದು ಕೇಳಿಸಿತು. ನನಗೇನಾಯಿತೋ, ಸ್ಟೇರಿಂಗ್ ತಿರುಗಿಸಿ ಗಾಡಿಯನ್ನು ನೇರ ಕಾಟಾದ ಮೇಲೆ ತಂದು ನಿಲ್ಲಿಸಿದೆ. ಹುಚ್ಚು ಹಿಡಿಯುವ ಮೊದಲು ಮನುಷ್ಯ ತನಗೆ ಗೊತ್ತಿರುವುದನ್ನೇ ಒಮ್ಮೆ ಮಾಡಿ ನೋಡುತ್ತಾನೆ.

ಕಾಟಾ ನೋಡಿಕೊಳ್ಳುವ ವಯಸ್ಸಾದ ಮಾಮಾ ನನಗೆ ಪರಿಚಯದವರು. ಗಾಲಿಕುರ್ಚಿಯನ್ನು ಮೊದಲೇ ಇಳಿಸಿ ಕಾಟಾದ ಆಚೆ ಇಟ್ಟು ನಾನೂ ಅಲ್ಲೇ ನಿಂತೆ. ಗಾಡಿಯಲ್ಲಿ ಸುನಂದಾ ಒಬ್ಬಳೇ ಇದ್ದಾಗ ಮಾಮಾ ತೂಕ ಬರೆದುಕೊಂಡರು. ಆಮೇಲೆ ನಾನು ಅವಳನ್ನು ಎತ್ತಿಕೊಂಡು ಕಾಟಾದಿಂದ ಆಚೆ ಬಂದು ಕುರ್ಚಿಯಲ್ಲಿ ಕೂರಿಸಿದೆ. ಮಾಮಾ ಮತ್ತೆ ನೋಡಿದರು.

ಸುನಂದಾಳ ತೂಕ ನಲವತ್ತೈದು ಕಿಲೋ. ನಾನೇ ತೂಗಿದ್ದೇನೆ. ಪರದೆಯ ಮೇಲೆ ನೂರ ಐದು ಕಿಲೋ ಕಡಿಮೆಯಾಗಿತ್ತು.

ಗಾಡಿ ಕೆಳಗಿಳಿಸಿದೆ. ಸೊನ್ನೆ ಸರಿಯಾಗಿತ್ತು. ನನ್ನ ಕಬ್ಬಿಣದ ತೂಕಗಳನ್ನೆಲ್ಲ ಒಂದೊಂದಾಗಿ ಇಟ್ಟೆ. ಕಾಟಾದಲ್ಲಿ ಒಂದು ಗೆರೆಯಷ್ಟೂ ತಪ್ಪಿರಲಿಲ್ಲ.

ಮಾಮಾ ತಮ್ಮ ಕೋಣೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ದನಿ ತಗ್ಗಿಸಿ ಕೇಳಿದರು, "ವಹಿನಿ ಏಕಟ್ಯಾಚ್ ಉತರಲ್ಯಾ ನಾ?" ಇಳಿದದ್ದು ಅತ್ತಿಗೆಯವರೊಬ್ಬರೇ ತಾನೇ, ಎಂದು.

ನಾನು ತಿರುಗಿ ನೋಡಿದೆ. ಸುನಂದಾ ಕುರ್ಚಿಯಲ್ಲಿ ಕೂತು ತನ್ನ ಪಾದಗಳನ್ನೇ ನೋಡುತ್ತಿದ್ದಳು. ಸುತ್ತ ಒದ್ದೆ ಕಂಬಳಿಯ ವಾಸನೆ…

"ರೀ," ಎಂದಳು. ಅವಳ ಮುಖ ಬೆಳಗುತ್ತಿತ್ತು. "ಗಾಡಿಯಿಂದ ಇಳಿದ್ರೂ ಬಿಟ್ಟಿಲ್ರಿ. ಇನ್ನೂ ಹಿಡಕೊಂಡಾರ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಲಿಫ್ಟಿನ ತನಕ ಕುರ್ಚಿ ತಳ್ಳುವುದರೊಳಗೆ ನನ್ನ ತೋಳು ಸೋತುಹೋಗಿದ್ದವು. ಅದು ಮಾತ್ರ ಚೆನ್ನಾಗಿ ನೆನಪಿದೆ.

ಗಾಡಿ ಮಾರಿಬಿಡು ಎಂದ ಅಣ್ಣ. ಮಾರಿ ಏನು ಮಾಡಲಿ? ಹಿಂದಿನ ಸೀಟಿನಲ್ಲಿ ನಾನೇ ರಾತ್ರಿಯೆಲ್ಲ ಕೂತು ನೋಡಿದ್ದೇನೆ. ಅಲ್ಲಿ ಈಗ ಏನೂ ಇಲ್ಲ.

ಹೋದ ವಾರ ಫಿಸಿಯೊ ಡಾಕ್ಟರು ಸುನಂದಾಳ ಕಣ್ಣು ಮುಚ್ಚಿಸಿ ಪಾದಕ್ಕೆ ಸೂಜಿ ತಾಗಿಸಿದರು. ಹೆಬ್ಬೆರಳು ಅಲುಗಿತು. ಡಾಕ್ಟರು ನನ್ನ ಕೈ ಹಿಡಿದು ಕುಲುಕಿದರು. ಇಷ್ಟು ದಿನದಲ್ಲಿ ಇಂಥದ್ದು ನೋಡೇ ಇಲ್ಲ ಎಂದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ಸಂತೋಷಕ್ಕೆ ಅತ್ತೆನೋ ಭಯಕ್ಕೋ, ನನಗೇ ತಿಳಿಯದು.

ಯಾಕೆಂದರೆ ಆ ಕೈಗಳು ಈಗ ಪಾದದಲ್ಲಿಲ್ಲ. ಮೊದಲು ಮೀನಖಂಡಕ್ಕೆ ಬಂದವು, ಆಮೇಲೆ ಮೊಣಕಾಲಿಗೆ. ಅವು ಮುಟ್ಟಿದಲ್ಲೆಲ್ಲ ಅವಳಿಗೆ ಜೀವ ಬರುತ್ತಿದೆ.

ನಿನ್ನೆ ಊಟಕ್ಕೆ ಕೂತಾಗ ಸುನಂದಾ ತುತ್ತನ್ನು ಬಾಯಿಗೆ ಒಯ್ಯದೆ ಕೈಯಲ್ಲೇ ಹಿಡಿದು ನಕ್ಕಳು.

"ಸೊಂಟದ ತನಕ ಬಂದಾರ್ರಿ," ಎಂದಳು.

ಸೊಂಟದ ಮೇಲೆ ಅವಳಿಗೆ ಯಾವ ಕೊರತೆಯೂ ಇಲ್ಲ. ಹಾಗಿದ್ದರೆ ಆ ಕೈಗಳು ಇಲ್ಲಿಗೆ ನಿಲ್ಲಬೇಕಲ್ಲ… ಅದನ್ನೇ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕತ್ತನ್ನು ಸ್ವಲ್ಪ ಓರೆ ಮಾಡಿ, ಪಕ್ಕದ ಖಾಲಿ ಜಾಗದಿಂದ ಯಾರೋ ಏನೋ ಕೇಳಿದಂತೆ, "ಹೂಂ" ಎಂದಳು.