ಕ್ಯಾಮೆರಾಕ್ಕೊಂದು ಕುಲಾವಿ

ನನ್ನ ತಲೆಯ ಹಿಂಭಾಗ ಇಷ್ಟು ಬೋಳಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕನ್ನಡಿಗೆ ಮುಂಭಾಗದ ಸಮಾಚಾರ ಮಾತ್ರ ಗೊತ್ತು. ಹೆಂಡತಿ ದಾಕ್ಷಿಣ್ಯಕ್ಕೆ ಹೇಳಿರಲಿಲ್ಲ, ಕ್ಷೌರದವನು ಹೊಟ್ಟೆಪಾಡಿಗೆ ಹೇಳಿರಲಿಲ್ಲ. ಕಡೆಗೆ ಹೇಳಿದ್ದು ನಾನೇ ನಮ್ಮ ಮನೆಯ ಸೂರಿಗೆ ಹಾಕಿಸಿದ ಕ್ಯಾಮೆರಾ. ಬಸ್ಸಿನಲ್ಲಿ ಕುಳಿತು ಮೊದಲ ಸಲ ಫೋನಿನಲ್ಲಿ ಬೆಳಗಿನ ಚಿತ್ರ ತೆರೆದು ನೋಡಿದರೆ, ಮೊರಬದ ನಮ್ಮ ಬಾಗಿಲಿನಿಂದ ಬೋಳುತಲೆಯವನೊಬ್ಬ ಚೀಲ ಬಗಲಿಗೇರಿಸಿ ಓಡಿ ಹೋಗುತ್ತಿದ್ದಾನೆ! ಕಳ್ಳನೇ ಸಿಕ್ಕ ಅಂದುಕೊಂಡೆ. ಆಮೇಲೆ ಚೀಲದ ಗುರುತು ಸಿಕ್ಕಿತು. ಅದು ನನ್ನದೇ ಚೀಲ.

ಕ್ಯಾಮೆರಾ ಯಾಕೆ ಬಂತು ಅಂದರೆ, ಕಟ್ಟೆಯ ಮೇಲಿಟ್ಟಿದ್ದ ತಾಮ್ರದ ತಂಬಿಗೆ ಹಾಡಹಗಲೇ ಮಾಯವಾಗಿತ್ತು. ನಾನು ನವಲಗುಂದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸ್ಟಾಫ್ ರೂಮಿನಲ್ಲಿ ತಂಬಿಗೆಯ ಸುದ್ದಿ ಹೇಳಿದ್ದೇ ತಡ, ಎಲ್ಲರೂ ಕ್ಯಾಮೆರಾ ಹಾಕಿಸಿ ಅಂದರು. ಹುಬ್ಬಳ್ಳಿಯಿಂದ ಒಬ್ಬ ಮೆಕ್ಯಾನಿಕ್ ಬಂದ, ಗೋಡೆಗೆ ತೂತು ಕೊರೆದ, ವೈಫೈ ಕೂಡಿಸಿದ. ಇಲ್ಲಿಯ ಚಿತ್ರ ಇಂಟರ್ನೆಟ್ಟಿನಲ್ಲಿ ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ ಜಮಾ ಆಗುತ್ತದೆ, ಅಲ್ಲಿಂದ ನನ್ನ ಫೋನಿಗೆ ಬರುತ್ತದೆ ಎಂದು ತಿಳಿಸಿದ.

ನನ್ನ ಹೆಂಡತಿ ಕಸ್ತೂರಿ ಚಹಾದ ಕಪ್ಪು ಹಿಡಿದು ನಿಂತು ಎಲ್ಲವನ್ನೂ ಕೇಳಿದಳು. "ಮೊರಬದಿಂದ ನವಲಗುಂದಕ್ಕ ಬರಾಕ ಅದು ಪರದೇಶಕ್ಕ ಯಾಕ ಹೋಗ್ಬೇಕ್ರಿ? ನೆಟ್ಟಗ ಬಸ್ಸಿಗೆ ಹೋದ್ರ ಆಗೂದಿಲ್ಲೇನು?" ಅಂದಳು. ಮೆಕ್ಯಾನಿಕ್ ನನ್ನ ಮುಖ ನೋಡಿದ, ನಾನು ಗೋಡೆಯ ತೂತು ನೋಡಿದೆ.

ಈ ಯಂತ್ರಕ್ಕೆ ಇನ್ನೊಂದು ವಿದ್ಯೆ ಇತ್ತು. ಮನುಷ್ಯರು ಕಂಡರೆ ಫೋನಿಗೆ ಎಚ್ಚರಿಕೆ ಕಳಿಸುತ್ತಿತ್ತು. ಆದರೆ ಮನುಷ್ಯರು ಯಾರು ಎಂಬ ವಿಷಯದಲ್ಲಿ ಅದರದ್ದು ಬಹಳ ಉದಾರ ಮನಸ್ಸು. ಕೋಳಿ ಬಂದರೂ ಮನುಷ್ಯ, ಬಾಜು ಮನೆಯ ಎಮ್ಮೆ ಬಂದರೂ ಮನುಷ್ಯ, ಒಣಹಾಕಿದ ಲುಂಗಿ ಗಾಳಿಗೆ ಅಲುಗಾಡಿದರಂತೂ ಇಬ್ಬರು ಮನುಷ್ಯರು. ಊರವರು ಮಾತ್ರ ಅದನ್ನು ಎರಡೇ ದಿನದಲ್ಲಿ ಪಳಗಿಸಿಕೊಂಡರು. ಹಾಲು ಹಾಕುವ ಯಲ್ಲಪ್ಪ ಒಮ್ಮೆ ಅದರ ಮುಂದೆ ಬಂದು ಟೊಪ್ಪಿಗೆ ತೆಗೆದು ನಿಂತು, "ಸರ, ಫೋನ್ ಎತ್ತವಲ್ರಿ. ಅದಕ್ಕ ಇಲ್ಲೇ ಹೇಳಿ ಹೊಂಟೇನ್ರಿ. ನಾಳಿ ಹಾಲು ಬರಂಗಿಲ್ಲ" ಎಂದು ಕೈ ಮುಗಿದು ಹೋದ. ದೇವರ ಸ್ಥಾನ ಎಷ್ಟು ಸುಲಭವಾಗಿ ಸಿಗುತ್ತದೆ ನೋಡಿ.

ಪುರಾಣದಲ್ಲಿ ಮೈತುಂಬ ಕಣ್ಣಿದ್ದವನು ಇಂದ್ರ. ಅವು ಅವನಿಗೆ ಬಂದದ್ದು ಶಾಪದ ಲೆಕ್ಕದಲ್ಲಿ ಎಂಬುದನ್ನು ನಾವು ಮರೆಯುತ್ತೇವೆ. ಸಾವಿರ ಕಣ್ಣು ಬಂದ ಮೇಲೂ ಅವನ ಗಾಬರಿ ಕಡಿಮೆಯಾದಂತೆ ಕಾಣುವುದಿಲ್ಲ, ಯಾರು ತಪಸ್ಸಿಗೆ ಕೂತರೂ ಅವನ ಸಿಂಹಾಸನ ಅಲುಗಾಡುತ್ತಿತ್ತು. ನನಗೆ ಸಿಕ್ಕದ್ದು ಒಂದೇ ಕಣ್ಣು, ಜೊತೆಗೊಂದು ಕಿವಿ ಮತ್ತು ಬಾಯಿ. ಅಷ್ಟರಲ್ಲೇ ನಾನು ಕೆಟ್ಟೆ.

ನಮ್ಮ ಕಟ್ಟೆಯ ಮೇಲೆ ಮಧ್ಯಾಹ್ನ ಕೌದಿ ಹೊಲಿಯುವ ಕೆಲಸ ನಡೆದಿತ್ತು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಸುತ್ತ ಕೂತು, ನಾಲ್ಕೂ ಕಡೆಯಿಂದ ಹೊಲಿಗೆ ಹಾಕುತ್ತ ನಡುವಿಗೆ ಬರುವ ಹಾಸಿಗೆ ಅದು. ಮಗಳು ಸವಿತಾ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಹುಟ್ಟುವ ಕೂಸು ಅಂಗಡಿಯ ದುಪ್ಪಟಿಯ ಮೇಲೆ ಮಲಗಬಾರದು, ಕೌದಿಯ ಮೇಲೇ ಮಲಗಬೇಕು ಎಂದು ಕಸ್ತೂರಿಯ ಹಟ. ಎದುರು ಮನೆಯ ಗಂಗಕ್ಕ ಮತ್ತು ಓಣಿಯ ಗೆಳತಿಯರು ದಿನಾಲೂ ಸೂಜಿ ಹಿಡಿದು ಬರುತ್ತಿದ್ದರು. ಗಂಗಕ್ಕ ನಮಗೆಲ್ಲ ಹಿರಿಯಳು, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವಳು.

ಊಟದ ಬಿಡುವಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ನಾನು ಅವರ ಮಾತು ಕೇಳುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಪಾಠ ಮಾಡುತ್ತಿರುತ್ತೇನೆ ಎಂದೇ ಅವರ ನಂಬಿಕೆ. ಅಗದಿ ಮಜಾ ಇರುತ್ತಿತ್ತು. ನನ್ನ ಗೊರಕೆ ಹಿಟ್ಟಿನ ಗಿರಣಿಯ ಹಾಗೆ ಇರುತ್ತದೆ ಎಂಬ ಸುದ್ದಿ ಸ್ವತಃ ಹೆಂಡತಿಯ ಬಾಯಿಂದ ಗೊತ್ತಾದದ್ದು ಆಗಲೇ. ಅದನ್ನೂ ನುಂಗಿಕೊಂಡೆ. ಆದರೆ ಒಂದು ದಿನ ಗಂಗಕ್ಕ ಕೌದಿಯ ಮೂಲೆಯ ಪಟ್ಟಿ ಕೂಡಿಸುತ್ತಿದ್ದಳು. ಕೋನ ತೊಂಬತ್ತು ಡಿಗ್ರಿ ಬರಲಿಲ್ಲ. ಗಣಿತದವನಿಗೆ ಹೇಗೆ ತಡೆಯಬೇಕು ಹೇಳಿ? ಫೋನಿನಲ್ಲಿ ಮಾತಿನ ಗುಂಡಿ ಒತ್ತಿ ನವಲಗುಂದದಿಂದಲೇ ಅಂದುಬಿಟ್ಟೆ: "ಗಂಗಕ್ಕ, ಮೂಲಿ ಸೊಟ್ಟ ಆತು ನೋಡ್ರಿ."

ಸೂರಿನಿಂದ ಗಂಡಸಿನ ಧ್ವನಿ ಬಿದ್ದದ್ದೇ, ಒಬ್ಬಳ ಕೈಗೆ ಸೂಜಿ ಚುಚ್ಚಿತು, ಇನ್ನೊಬ್ಬಳು ಸೆರಗು ಹೊದ್ದಳು. ಗಂಗಕ್ಕ ಮಾತ್ರ ಸಾವಕಾಶ ತಲೆಯೆತ್ತಿದಳು.

"ಅಂದ್ರ ಇಷ್ಟ ದಿನ ನಾವು ಆಡಿದ್ದೆಲ್ಲಾ ನಿನ್ನ ಕಿವಿಗೆ ಬಿದ್ದೈತಿ ಅಂದಂಗಾತು. ಏ ಕಸ್ತೂರಿ, ನಿನ್ನ ಗಂಡ ಸಾಲ್ಯಾಗ ಕಲಸ್ತಾನೋ, ಇಲ್ಲೇ ಬಾವಲಿ ಹಂಗ ಜೋತ ಬಿದ್ದಿರ್ತಾನೋ?"

ಎಲ್ಲರೂ ಎದ್ದು ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅರ್ಧ ಹೊಲಿದ ಕೌದಿ ಮಡಚಿಕೊಂಡು ಮೂಲೆ ಸೇರಿತು. ಕಸ್ತೂರಿ ಒಬ್ಬಳೇ ಒಂದೆರಡು ದಿನ ಸೂಜಿ ಹಿಡಿದು ನೋಡಿದಳು. ಕೈ ನಡೆಯಿತು, ಬಾಯಿ ನಡೆಯಲಿಲ್ಲ, ಹಾಗಾಗಿ ಕೈಯೂ ನಿಂತಿತು. ನನ್ನ ಜೊತೆಗಂತೂ ಮಾತೇ ಬಂದ್. ಏನಾದರೂ ಬೇಕಾದರೆ ಕ್ಯಾಮೆರಾದ ಕೆಳಗೆ ನಿಂತು, "ಕೊತ್ತಂಬ್ರಿ ತಗೊಂಡು ಬರಬೇಕಂತ" ಎಂದು ಅದಕ್ಕೆ ಹೇಳಿ ಒಳಗೆ ಹೋಗುತ್ತಿದ್ದಳು. ಸವಿತಾ ಬರುವ ದಿನ ಹತ್ತಿರ ಬರುತ್ತಿತ್ತು. ಫೋನಿನಲ್ಲಿ ನಮ್ಮ ಕಟ್ಟೆ ಗುಡಿಸಿ ಬಿಟ್ಟಂತೆ ಸ್ವಚ್ಛವಾಗಿ ಕಾಣುತ್ತಿತ್ತು, ಎಮ್ಮೆ ಕೂಡ ಬರುತ್ತಿರಲಿಲ್ಲ. ನನಗೆ ನಿಜವಾಗಿ ಕೆಟ್ಟೆನಿಸಿತು.

ಕೊನೆಗೆ ಗಂಗಕ್ಕನ ಬಾಗಿಲಿಗೆ ಹೋದೆ. "ತಪ್ಪಾತು. ನಾಳೆನೇ ಅದನ್ನ ಕಿತ್ತಸ್ತೇನಿ" ಅಂದೆ.

"ಕಿತ್ತಸಬ್ಯಾಡಪಾ," ಅಂದಳು ಗಂಗಕ್ಕ. "ನಿನ್ನ ತಂಬಗಿ ಹಂಗ ನಮ್ಮನಿ ಚರಿಗಿನೂ ಹೋಗೈತಿ. ಕಳ್ಳನ್ನ ನೋಡ್ಲಿ, ಇರ್ಲಿ. ಆದ್ರ ನಾವೇನು ಕಳ್ಳರೇನು? ನಾವು ಕುಂತಾಗ ಅದರ ಕಣ್ಣು ಕಿವಿ ಎಲ್ಲಾ ನಾನ ಮುಚ್ಚಾಕಿ. ನಿಂದೊಂದು ಹಳೇ ಅಂಗಿ ಕೊಡು."

ಮರುದಿನ ಸ್ಟಾಫ್ ರೂಮಿನಲ್ಲಿ ಫೋನು ತೆರೆದಾಗ ಗಂಗಕ್ಕ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಕೈಯಲ್ಲಿ ನನ್ನ ನೀಲಿ ಚೌಕಡಿ ಅಂಗಿಯಿಂದ ಹೊಲಿದ ಕುಲಾವಿ, ಕೂಸಿನ ತಲೆಗೆ ಕಟ್ಟುತ್ತಾರಲ್ಲ, ಅದೇ ಟೊಪ್ಪಿಗೆ. ಕಿವಿಯ ಜಾಗಕ್ಕೆ ಅರಳೆ ತುಂಬಿದ್ದಳು, ಗದ್ದದ ಕೆಳಗೆ ಲಾಡಿ ಬೇರೆ. "ಸುಮ್ನ ಮಲಕೋ ನನ್ನ ಕಂದಾ" ಎಂದು ಕ್ಯಾಮೆರಾದ ಗಲ್ಲ ಹಿಂಡಿ ಕುಲಾವಿ ಕಟ್ಟಿದಳು. ಹಿಂದಿನಿಂದ ಕಸ್ತೂರಿ ನಕ್ಕದ್ದು ಕೇಳಿಸಿತು. ಎಷ್ಟು ದಿನದ ಮೇಲೆ ಆ ನಗು! ಆಮೇಲೆ ನೀಲಿ ಚೌಕಡಿ, ಆಮೇಲೆ ಕತ್ತಲೆ.

ಕೌದಿ ಹೊತ್ತಿಗೆ ಸರಿಯಾಗಿ ಮುಗಿಯಿತು. ಮೊಮ್ಮಗಳು ಈಗ ಅದರ ಮೇಲೆ ಮಲಗಿ ಕಾಲು ಝಾಡಿಸುತ್ತಾಳೆ. ಮೂಲೆ ಸೊಟ್ಟಗೇ ಇದೆ, ಯಾರೂ ಬಿಚ್ಚಿ ಹೊಲಿದಿಲ್ಲ, ನಾನೂ ಅಳೆಯಲು ಹೋಗಿಲ್ಲ. ತಂಬಿಗೆ ಸಿಕ್ಕಿಲ್ಲ.

ಕೌದಿ ಮುಗಿದರೂ ಕಟ್ಟೆಯ ಕೂಟ ಮುಗಿದಿಲ್ಲ, ಈಗಲೂ ಮಧ್ಯಾಹ್ನ ಫೋನು ತೆರೆಯುತ್ತೇನೆ. ಕತ್ತಲೆ ಇದ್ದರೆ ಬುತ್ತಿ ಬಿಚ್ಚಿ ನಿಶ್ಚಿಂತೆಯಿಂದ ರೊಟ್ಟಿ ತಿನ್ನುತ್ತೇನೆ. ಬಾಜು ಕುರ್ಚಿಯ ಮಾಸ್ತರರು ಇಣುಕಿ, "ಕ್ಯಾಮೆರಾ ಕೆಟ್ಟೈತೇನ್ರಿ? ಏನೂ ಕಾಣವಲ್ದು" ಅಂದರೆ, "ಇಲ್ರಿ, ಮಂದಿ ಬಂದಾರ" ಅನ್ನುತ್ತೇನೆ. ಮೊನ್ನೆ ಮಾತ್ರ ತೆರೆದರೆ ಕಟ್ಟೆ ನಿಚ್ಚಳವಾಗಿ, ಖಾಲಿಯಾಗಿ ಕಂಡಿತು. ಗಾಬರಿಯಾಗಿ ಕಸ್ತೂರಿಗೆ ಫೋನು ಹಚ್ಚಿದೆ.

"ಯಾಕ, ಯಾರೂ ಬಂದಿಲ್ಲೇನು?"

"ಗಂಗಕ್ಕಗ ಮುಂಜಾನಿಂದ ಜ್ವರ ಬಂದಾವ್ರಿ. ಎಲ್ಲಾರೂ ಅಕಿ ಮನ್ಯಾಗ ಕುಂತೇವಿ," ಅಂದಳು ಕಸ್ತೂರಿ. "ನಿಮಗ ಹೆಂಗ ಗೊತ್ತಾತು?"

"ಎಲ್ಲಾ ಕಾಣಾಕತ್ತೈತಿ," ಅಂದೆ. ಸಂಜೆಯ ಬಸ್ಸಿಗೆ ಗುಳಿಗೆಯನ್ನೂ ಎರಡು ಮೋಸಂಬಿಯನ್ನೂ ತೆಗೆದುಕೊಂಡು ಹೋದೆ.