ಕನ್ನಡಕದ ಮೇಲೆ ಹಿಡಿದ ದುರ್ಬೀನು

ಮೊನ್ನೆ ಫರಂಗಿಪೇಟೆಯ ಪಂಕ್ಚರ್ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಹುಡುಗ ಟ್ಯೂಬನ್ನು ಉಜ್ಜುತ್ತಿದ್ದಂತೆ ರಬ್ಬರಿನ ವಾಸನೆ ಎದ್ದಿತು. ಹೆದ್ದಾರಿಯ ಅಷ್ಟು ಗದ್ದಲದಲ್ಲೂ ಡ್ರಾಯಿಂಗ್ ಟೀಚರ್ ನೆನಪಾದರು. ಅವರ ಹಳೆಯ ದುರ್ಬೀನಿಗೂ ಇದೇ ವಾಸನೆಯಿತ್ತು...

ಬೆಳ್ತಂಗಡಿ ಕಡೆಯ ಹೈಸ್ಕೂಲಿಗೆ ನಾನು ಗಣಿತ ಕಲಿಸಲು ಸೇರಿದಾಗ ಅವರು ನಿವೃತ್ತಿಯ ಹತ್ತಿರವಿದ್ದರು. ಮೂಡುಬಿದಿರೆಯವರು. ದಪ್ಪ ಕನ್ನಡಕ, ಸೆರಗಿನಲ್ಲಿ ಸದಾ ಬಣ್ಣದ ಕಲೆ. ಹಡಗಿನಲ್ಲಿ ಕೆಲಸಕ್ಕಿದ್ದ ತಂದೆಯ ದುರ್ಬೀನು ಅವರ ಚೀಲದಲ್ಲೇ ಇರುತ್ತಿತ್ತು. ಆರು ಪಟ್ಟು ಮಾತ್ರ ದೊಡ್ಡದು ಮಾಡಿ ತೋರಿಸುವಂಥದ್ದು. "ಇಷ್ಟೇ ಪವರಾ ಟೀಚರ್?" ಎಂದು ಸ್ಟಾಫ್ ರೂಮಿನಲ್ಲಿ ಹೆಚ್ಚು ತಮಾಷೆ ಮಾಡುತ್ತಿದ್ದವರು ಪಿ.ಟಿ. ಮಾಸ್ಟ್ರು. ಕನ್ನಡಕ ಹಾಕಿಕೊಂಡೇ ನೋಡಲೆಂದು, ಕಣ್ಣಿಡುವ ಕಡೆಯ ಎತ್ತರದ ಬಳೆಗಳನ್ನು ಟೀಚರ್ ತಿರುಗಿಸಿ ತೆಗೆದಿದ್ದರು. ಕನ್ನಡಕದ ಗಾಜು ಗೀಚದ ಹಾಗೆ ಅಲ್ಲಿಗೆ ಸೈಕಲ್ ಟ್ಯೂಬಿನ ತೆಳು ಪಟ್ಟಿ ಅಂಟಿಸಿದ್ದರು.

ನಾನೂ ಕನ್ನಡಕದವಳೇ. ಅದುವರೆಗೆ ಯಾವ ದುರ್ಬೀನು ಹಿಡಿದರೂ ಬೀಗದ ಕಿಂಡಿಯಲ್ಲಿ ಇಣುಕಿದಂತಾಗಿ, ಸುತ್ತ ಕಪ್ಪು ಕಟ್ಟಿ, ತಲೆನೋವು ಬರುತ್ತಿತ್ತು.

"ಕನ್ನಡಕ ತೆಗೀಬೇಡ ಮಾರಾಯ್ತಿ, ಹಾಗೇ ಹಿಡಿ," ಎಂದರು ಟೀಚರ್ ಒಂದು ದಿನ.

ಹಿಡಿದೆ. ಮಕ್ಕಳ ಕಬಡ್ಡಿ ಅಂಕಣ ಈ ತುದಿಯಿಂದ ಆ ತುದಿಯವರೆಗೆ, ಎರಡೂ ತಂಡಗಳ ಸಮೇತ, ಅಲುಗಾಡದೆ ಕಣ್ಣೆದುರು ನಿಂತಿತ್ತು.

ಆ ವರ್ಷದ ಚಳಿಗಾಲದಲ್ಲಿ ಹತ್ತನೆಯ ಕ್ಲಾಸಿನವರನ್ನು ಗಡಾಯಿಕಲ್ಲಿನ ಬಂಡೆಬೆಟ್ಟಕ್ಕೆ ಕರೆದುಕೊಂಡು ಹೋದೆವು. ಮಕ್ಕಳೆಲ್ಲ ಇಳಿದು ಬಂದ ಮೇಲೆ ಒಬ್ಬಳು ಬ್ಯಾಗನ್ನು ಮೇಲೆಯೇ ಬಿಟ್ಟುಬಂದದ್ದು ಗೊತ್ತಾಯಿತು. ಅದನ್ನು ತರಲೆಂದು ಮತ್ತೆ ಹತ್ತಿದ ಪಿ.ಟಿ. ಮಾಸ್ಟ್ರು ಮರಳಲೇ ಇಲ್ಲ. ಅವರ ಫೋನು ಬಿದ್ದು ಒಡೆದಿತ್ತೋ ಏನೋ, ಕರೆಯೂ ಹೋಗಲಿಲ್ಲ. ಊರಿನ ಯುವಕರು ಹಗ್ಗ ಹಿಡಿದು ಹತ್ತಿದರು. ಕೂಗಿ ಕೂಗಿ ಸುಸ್ತಾದರೂ ಮೇಲಿನಿಂದ ಅವರಿಗೆ ಏನೂ ಕಾಣಲಿಲ್ಲ. ಕೆಳಗೆ ನಮ್ಮ ಜೊತೆ ನಿಂತಿದ್ದ ಪ್ರವಾಸಿಯೊಬ್ಬರ ಬಳಿ ಭಾರೀ ಪವರಿನ ಬೈನಾಕ್ಯುಲರ್ ಇತ್ತು. ಆದರೆ ಕೈ ಸ್ವಲ್ಪ ನಡುಗಿದರೂ ಅದರಲ್ಲಿ ಬಂಡೆಯೇ ಕುಣಿಯುತ್ತಿತ್ತು. ಯಾವ ಜಾಗ ನೋಡಿದ್ದು, ಯಾವುದು ಬಿಟ್ಟದ್ದು ಎಂದೇ ತಿಳಿಯುತ್ತಿರಲಿಲ್ಲ.

ಟೀಚರ್ ಅಲ್ಲಿ ನಿಂತಿದ್ದ ಜೀಪಿನ ಬಾನೆಟ್ಟಿಗೆ ಮೊಣಕೈ ಊರಿ ದುರ್ಬೀನು ಹಿಡಿದರು. ಬಂಡೆಯನ್ನು ಮೇಲಿನಿಂದ ಕೆಳಗೆ ಇಂಚಿಂಚಾಗಿ ನೋಡುತ್ತ ಬಂದರು. ಆಮೇಲೆ ಒಮ್ಮೆಲೇ, "ಅಲ್ಲಿ ಉಂಟು! ಹುಲ್ಲಿನ ಗೆರೆಯ ಕೆಳಗೆ, ನೀಲಿ ಅಂಗಿ. ಕೈ ಅಲ್ಲಾಡ್ತದೆ!" ಎಂದು ಕಿರುಚಿದರು.

ನಾನು ಇಣುಕಿದೆ. ಕಾಲೂರಲಾಗದೆ ಬಂಡೆಯ ಸಣ್ಣ ಚಾಚಿನ ಮೇಲೆ ಮಾಸ್ಟ್ರು ಕೂತಿದ್ದರು. ಹಗ್ಗದ ಯುವಕರೂ ಅದೇ ವೃತ್ತದೊಳಗಿದ್ದರು. ಅವರು ಒಬ್ಬರಿಗೊಬ್ಬರು ಕಾಣದಿದ್ದರೂ ನಮಗೆ ಎಲ್ಲರೂ ಕಾಣುತ್ತಿದ್ದರು. ಟೀಚರ್ ನೋಡುತ್ತ ಹೇಳಿದ್ದನ್ನು ನಾನು ಫೋನಿನಲ್ಲಿ ಯುವಕರಿಗೆ ದಾಟಿಸಿದೆ.

"ಅಲ್ಲಿ ಇಳಿಯುದು ಬೇಡ ಅಂತ ಹೇಳು, ಕೆಳಗೆ ಏನೂ ಇಲ್ಲ! ಇನ್ನೂ ಬಲಕ್ಕೆ... ಹಾಂ, ಇನ್ನು ಹಗ್ಗ ಬಿಡ್ಲಿಕ್ಕೆ ಹೇಳು."

ಮಾಸ್ಟ್ರ ಸೊಂಟಕ್ಕೆ ಹಗ್ಗ ಬಿದ್ದದ್ದನ್ನು ಟೀಚರ್ ಹೇಳಿದ್ದೇ ತಡ, ಮಕ್ಕಳ ಶಿಳ್ಳೆ, ಕೇಕೆ, ಚಪ್ಪಾಳೆ ಇಡೀ ಬಯಲನ್ನು ತುಂಬಿದವು. ಅವರನ್ನು ಮೇಲೆಳೆದುಕೊಳ್ಳುವವರೆಗೂ ಟೀಚರ್ ದುರ್ಬೀನು ಇಳಿಸಲಿಲ್ಲ.

"ಕಣ್ಣು ನೋಯಲಿಲ್ವಾ ಟೀಚರ್?" ಎಂದು ಕೇಳಿದೆ.

"ಕಣ್ಣಿಗೆ ಏನೂ ಆಗಲಿಲ್ಲ. ಕೈ ನೋಡು," ಎಂದು ಚಾಚಿದರು. ಎರಡೂ ಮೊಣಕೈಗಳ ಚರ್ಮ ಬಾನೆಟ್ಟಿಗೆ ಒತ್ತಿ ಕೆಂಪಾಗಿತ್ತು.

ಹೊತ್ತು ಮುಳುಗುವ ಮೊದಲೇ ಯುವಕರು ಮಾಸ್ಟ್ರನ್ನು ಹೊತ್ತು ತಂದರು. ಪಾದ ಮುರಿದಿತ್ತು. ಹೆಗಲಲ್ಲಿ ಆ ಹುಡುಗಿಯ ಬ್ಯಾಗು ಹಾಗೆಯೇ ಇತ್ತು.

"ಬ್ಯಾಗ್ ಸಿಕ್ಕಿತು ಟೀಚರ್," ಎಂದರು. ಟೀಚರ್ ನಗುತ್ತಲೇ ಅತ್ತುಬಿಟ್ಟರು.

ಕಳೆದ ವರ್ಷ ಮೂಡುಬಿದಿರೆಯಲ್ಲಿ ಅವರು ತೀರಿಕೊಂಡರು. ಪರೀಕ್ಷೆಯ ಕೆಲಸದಲ್ಲಿದ್ದ ನನಗೆ ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ... ಈಚೆಗೆ, ಪಿ.ಟಿ. ಮಾಸ್ಟ್ರು ವರ್ಗವಾಗಿ ಹೋಗಿದ್ದ ಸಿದ್ಧಕಟ್ಟೆಯ ಶಾಲೆಯಲ್ಲಿ ಅವರ ನಿವೃತ್ತಿಯ ಬೀಳ್ಕೊಡುಗೆ ಇತ್ತು. ಹಾರ, ಶಾಲು, ಭಾಷಣಗಳೆಲ್ಲ ಮುಗಿದ ಮೇಲೆ ಅವರು ಮೈಕಿನ ಎದುರು ಎದ್ದು ನಿಂತರು. "ನಾನು ಬದುಕಿದ್ದೇನೆ ಅಂತ ಮೊದಲು ನೋಡಿದವರು ಡ್ರಾಯಿಂಗ್ ಟೀಚರ್. ಅವರೇ ಈಗ ಇಲ್ಲ," ಎಂದಷ್ಟೇ ಹೇಳಿ ಕೂತರು. ಹಿಂದಿನ ಸಾಲಿನಿಂದ ಹೆಂಗಸೊಬ್ಬಳು, ಅಂದು ಬ್ಯಾಗು ಬಿಟ್ಟುಬಂದಿದ್ದ ಅದೇ ಹುಡುಗಿ, ಎದ್ದು ಚಪ್ಪಾಳೆ ತಟ್ಟತೊಡಗಿದಳು. ನೋಡನೋಡುತ್ತಿದ್ದಂತೆ ಇಡೀ ಸಭೆ ಎದ್ದು ನಿಂತಿತು.